ಪಿತ್ತಕೋಶದ ಕಲ್ಲೂ ನಮ್ಮ ನಿರೀಕ್ಷಣೆಯೂ

ಮೂವತ್ತನಾಲ್ಕು ವರ್ಷಕಾಲ ಪ್ರೌಢಶಾಲೆಯ ಬಾಲಕರಿಗೆ ಸಂಸ್ಕೃತವನ್ನು ಬೋಧಿಸಿ, ಧೈರ್ಯವೆಂದರೇನು, ಸಹನೆಯೆಂದರೇನು ಎಂಬುದನ್ನು ಸುಭಾಷಿತಗಳ ಮೂಲಕ ಲೆಕ್ಕವಿಲ್ಲದಷ್ಟು ಸಲ ವಿವರಿಸಿದ ನಮ್ಮನ್ನು, ನೆನೆದ ಅವರೆಕಾಳಿನ ಗಾತ್ರದ ಒಂದು ಕಲ್ಲು, ಆ ಪಾಠಗಳನ್ನೆಲ್ಲ ತಿರುಗಿ ಒಪ್ಪಿಸೆಂದು ಬೆಂಚಿನ ಮೇಲೆ ನಿಲ್ಲಿಸಿದೆಯೆಂದರೆ ವಾಚಕರಿಗೆ ನಗೆ ಬಂದೀತು. ನಗಲಿ, ಹಗಲು ಹೊತ್ತಿನಲ್ಲಿ ನಮಗೂ ನಗೆ ಬರುತ್ತದೆ. ರಾತ್ರಿಯ ಮಾತು ಬೇರೆ.

ಈ ಸಾಲುಗಳನ್ನು ಬರೆಯುತ್ತಿರುವುದು 2025ನೆಯ ಇಸವಿ ಆಗಸ್ಟ್ 27, ವಿನಾಯಕನ ಚೌತಿಯ ಬೆಳಿಗ್ಗೆ. ನಮ್ಮ ಪಿತ್ತಕೋಶವನ್ನು ತೆಗೆದುಹಾಕಲು ವೈದ್ಯರು ಗೊತ್ತುಮಾಡಿರುವ ದಿನ ಸೆಪ್ಟೆಂಬರ್ 12. ನಡುವೆ ಹದಿನಾರು ದಿನಗಳಿವೆ. ಅವನ್ನು ಕಳೆಯಲು ನಾವು ಹುಡುಕಿಕೊಂಡ ಉಪಾಯಗಳಲ್ಲಿ ಈ ಬರಹವೂ ಒಂದು. ನಮ್ಮಂತೆಯೇ ದಿನವೆಣಿಸುತ್ತ ಕುಳಿತಿರುವವರು ಈ ಮಾಸಪತ್ರಿಕೆಯ ವಾಚಕರಲ್ಲಿ ಯಾರಾದರೂ ಇದ್ದರೆ ಅವರಿಗೆ ಕೊಂಚ ಜೊತೆಯಾದೀತು.

ವ್ಯಾಧಿಯ ಆರಂಭ ಯುಗಾದಿಯಂದು. ವಿಶ್ವಾವಸು ಸಂವತ್ಸರದ ಮೊದಲ ದಿನ, ಮಾರ್ಚ್ 30ನೆಯ ತಾರೀಖು, ಬೇವುಬೆಲ್ಲವನ್ನು ಮೆದ್ದು, ಪಂಚಾಂಗ ಶ್ರವಣವನ್ನು ಮುಗಿಸಿ, ಮಧ್ಯಾಹ್ನ ತುಪ್ಪದಲ್ಲಿ ಮುಳುಗಿದ ನಾಲ್ಕು ಒಬ್ಬಟ್ಟುಗಳನ್ನೂ, ಮಿಕ್ಕಿದ್ದು ಕೆಡಬಾರದೆಂದು ರಾತ್ರಿ ಮತ್ತೆರಡನ್ನೂ ಭುಂಜಿಸಿದೆವು. ನಡುರಾತ್ರಿ ಒಂದು ಗಂಟೆಗೆ ಎಚ್ಚರವಾಯಿತು. ಬಲಪಕ್ಕದ ಕಡೆಯ ಎಲುಬಿನ ಕೆಳಗೆ ಯಾರೋ ಒದ್ದೆಬಟ್ಟೆಯನ್ನು ಹಿಂಡುತ್ತಿರುವಂತೆ ನೋವು. ಅದು ಏರುತ್ತ ಏರುತ್ತ ಬೆನ್ನಿಗೆ ತಿರುಗಿ ಬಲಭುಜದ ಹಲಗೆಯ ಕೆಳಗೆ ನೆಲೆಸಿತು. ಮಲಗಿದರೆ ಆಗದು, ಕುಳಿತರೆ ಆಗದು, ನಡೆದರೂ ಆಗದು. ಮೈಯೆಲ್ಲ ತಣ್ಣನೆಯ ಬೆವರು. ಹೊಟ್ಟೆಯ ಸಕಲ ಉಪದ್ರವಗಳಿಗೂ ನಮ್ಮ ಸೀಮೆಯಲ್ಲಿರುವುದು ಒಂದೇ ಹೆಸರು, ‘ಗ್ಯಾಸ್ಟ್ರಿಕ್’. ಮನೆಯಾಕೆ ಓಮದ ಕಷಾಯವನ್ನು ಕಾಯಿಸಿ ಕೊಟ್ಟಳು, ಇಂಗಿನ ಮಜ್ಜಿಗೆಯಾಯಿತು, ನಾಲ್ಕು ಗಂಟೆಯ ಹೊತ್ತಿಗೆ ನೋವು ಬಂದಂತೆಯೇ ಹೊರಟುಹೋಯಿತು. ಯಶಸ್ಸು ಕಷಾಯಕ್ಕೆ ಸಂದಿತು.

ಮೇ ತಿಂಗಳಲ್ಲಿ ಬಂಧುಗಳ ಮನೆಯ ಮದುವೆಯಲ್ಲಿ ಎರಡನೆಯ ಸಲ ಬಂದಾಗ ಕಷಾಯವು ಸೋತಿತು. ಹೃದಯಾಘಾತವೆಂದು ಹೆದರಿದ ನೆಂಟರು ನಮ್ಮನ್ನು ಛತ್ರದಿಂದ ನೇರವಾಗಿ ಆಸ್ಪತ್ರೆಗೆ ಸಾಗಿಸಿದರು. ಇ.ಸಿ.ಜಿ.ಯಲ್ಲಿ ಹೃದಯಕ್ಕೆ ಯಾವ ದೋಷವೂ ಕಾಣಲಿಲ್ಲ. ಜೂನ್ ತಿಂಗಳಲ್ಲಿ ಮೈಸೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದಾಗ ನಿಜವಾದ ಅಪರಾಧಿ ಸಿಕ್ಕಿಬಿದ್ದಿತು: ಪಿತ್ತಕೋಶದ ತುಂಬ ಕಲ್ಲುಗಳು, ಅವುಗಳಲ್ಲಿ ದೊಡ್ಡದು 14 ಮಿಲಿಮೀಟರು.

ನಮ್ಮ ಶಸ್ತ್ರವೈದ್ಯೆ ವಯಸ್ಸಿನಲ್ಲಿ ನಮ್ಮ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಒಂದು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಪಿತ್ತರಸವನ್ನು ಉತ್ಪತ್ತಿ ಮಾಡುವುದು ಯಕೃತ್ತು. ಅದರ ಕೆಳಗೆ ಅಂಟಿಕೊಂಡಿರುವ ಸಣ್ಣ ಬದನೆಕಾಯಿಯ ಆಕಾರದ ಚೀಲವೇ ಪಿತ್ತಕೋಶ. ಅದು ರಸವನ್ನು ಕೂಡಿಟ್ಟು ಗಟ್ಟಿಮಾಡಿಕೊಂಡಿದ್ದು, ನಾವು ಜಿಡ್ಡಿನ ಪದಾರ್ಥವನ್ನು ತಿಂದಾಗ ಮುದುಡಿ ಕರುಳಿಗೆ ಹರಿಯಿಸುತ್ತದೆ. ಹಾಗೆ ಮುದುಡುವಾಗ ಕಲ್ಲು ಬಾಯಿಗೆ ಸಿಕ್ಕಿಕೊಂಡರೆ ನೋವು. ಹಿಂದಕ್ಕೆ ಜಾರಿದರೆ ಶಮನ. ಕಲ್ಲನ್ನು ಮಾತ್ರ ತೆಗೆದು ಚೀಲವನ್ನು ಉಳಿಸಬಾರದೇಕೆಂದು ಕೇಳಿದೆವು. ಕಲ್ಲು ಹುಟ್ಟಿಸುವ ಚೀಲ ಉಳಿದರೆ ಮತ್ತೆ ಕಲ್ಲು ಹುಟ್ಟುವುದೆಂದೂ, ಚೀಲವಿಲ್ಲದಿದ್ದರೂ ರಸವು ಯಕೃತ್ತಿನಿಂದ ನೇರವಾಗಿ ಕರುಳಿಗೆ ಹರಿಯುವುದರಿಂದ ಬಾಳುವೆಗೆ ಬಾಧಕವಿಲ್ಲವೆಂದೂ ಹೇಳಿದರು. ಆಮೇಲೆ ಸ್ವರವನ್ನು ತಗ್ಗಿಸಿ, ಕಾಯುವ ದಿನಗಳಲ್ಲಿ ನೋವು ಐದಾರು ಗಂಟೆ ಬಿಡದೆ ನಿಂತರೆ, ಚಳಿಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಮೂತ್ರದ ಬಣ್ಣ ಗಾಢವಾದರೆ, ಕಣ್ಣು ಹಳದಿಯಾದರೆ, ಗೊತ್ತಾದ ದಿನವನ್ನು ನೋಡದೆ ಒಡನೆಯೇ ಬರತಕ್ಕುದೆಂದು ಮನೆಯಾಕೆಯ ಮುಖವನ್ನು ನೋಡಿ ಹೇಳಿದರು. ಕಲ್ಲು ಕೋಶವನ್ನು ಬಿಟ್ಟು ನಾಳಕ್ಕಿಳಿದು ಕುಳಿತರೆ ಆಗುವ ಅನರ್ಥಗಳಿವು.

‘ಕಣ್ಣು ಹಳದಿಯಾದರೆ’ ಎಂಬ ಮಾತು ಕಿವಿಗೆ ಬಿದ್ದಮೇಲೆ ಉಳಿದ ಯಾವ ಮಾತೂ ನಮಗೆ ಸರಿಯಾಗಿ ಕೇಳಿಸಲಿಲ್ಲ.

ಕಾರಣವನ್ನು ಹೇಳಬೇಕು. ನಮ್ಮ ತೀರ್ಥರೂಪರು ಪಾಠಶಾಲೆಯ ಪಂಡಿತರು. ನಾವು ಹುಡುಗರಾಗಿದ್ದಾಗ ಅವರಿಗೆ ಆಗಾಗ ರಾತ್ರಿ ‘ಹೊಟ್ಟೆಶೂಲೆ’ ಬರುತ್ತಿತ್ತು. ಬಂದಾಗ ಅವರು ನರಳುತ್ತಿರಲಿಲ್ಲ. ಎದ್ದು ಕುಳಿತು ಅಮರಕೋಶವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಮಕ್ಕಳಾದ ನಮಗೆ ಅದು ಪಾಠ. ನಿದ್ದೆಗಣ್ಣಿನಲ್ಲಿಯೇ ಕೇಳಿ ಕೇಳಿ ಮೊದಲನೆಯ ಕಾಂಡವು ಕಂಠಸ್ಥವಾದುದು ಹಾಗೆ. 1979ನೆಯ ಇಸವಿಯ ಶ್ರಾವಣದಲ್ಲಿ, ನಮಗೆ ಹದಿನೈದು ವರ್ಷವಾಗಿದ್ದಾಗ, ಅವರ ಕಣ್ಣು ಅರಿಸಿನ ಹಚ್ಚಿದಂತಾಯಿತು. ಕಿರುನೆಲ್ಲಿಯನ್ನು ಹಾಲಿನಲ್ಲಿ ಅರೆದು ಕೊಟ್ಟರು. ಮಜ್ಜಿಗೆಯನ್ನದ ಪಥ್ಯ ಮಾಡಿಸಿದರು. ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವುದೆಂದು ಸೋದರಮಾವಂದಿರು ಬಾಡಿಗೆ ಕಾರನ್ನು ತಂದು ನಿಲ್ಲಿಸಿದರೆ, ಕತ್ತಿಗೆ ಮೈಯೊಡ್ಡುವುದಿಲ್ಲವೆಂದು ಅವರು ಕಂಬವನ್ನು ಹಿಡಿದು ಕುಳಿತರು. ಕಾರು ಹಿಂದಕ್ಕೆ ಹೋಯಿತು. ಚಳಿಜ್ವರ ಹತ್ತಿ ಮೂರನೆಯ ವಾರದಲ್ಲಿ ತೀರಿಕೊಂಡರು. ಕಾಮಾಲೆ ವಿಪರೀತವಾಯಿತೆಂದು ಜನ ಹೇಳಿದರು. ನಾವೂ ನಾಲ್ವತ್ತಾರು ವರ್ಷ ಹಾಗೆಯೇ ಹೇಳಿಕೊಂಡು ಬಂದೆವು. ಕಲ್ಲೇ ಇದ್ದಿತೆನ್ನಲು ಈಗ ಯಾವ ಪ್ರಮಾಣವೂ ಇಲ್ಲ. ಆದರೆ ಬಲಪಕ್ಕೆಯನ್ನು ಮುಷ್ಟಿಯಿಂದ ಒತ್ತಿಕೊಂಡು ಅವರು ಕುಳಿತಿರುತ್ತಿದ್ದ ಭಂಗಿ ನಮ್ಮ ಕಣ್ಣಿಗೆ ಕಟ್ಟಿದೆ. ಯುಗಾದಿಯ ರಾತ್ರಿ ನಾವು ಕುಳಿತಿದ್ದುದೂ ಹಾಗೆಯೇ.

ಈ ಸಂಗತಿಯನ್ನು ವೈದ್ಯೆಗೆ ಹೇಳಲಿಲ್ಲ. ಮನೆಯಾಕೆಗಂತೂ ಸುತರಾಂ ಹೇಳಲಿಲ್ಲ. ಬೆಂಗಳೂರಿನಲ್ಲಿರುವ ಮಗಳು ಬಾಣಂತಿ. ಅವಳಿಗೆ ‘ಸಣ್ಣದೊಂದು ಗ್ಯಾಸ್ಟ್ರಿಕ್ ಪರೀಕ್ಷೆ’ ಎಂದಷ್ಟೇ ತಿಳಿಸಿದೆವು. ಪ್ರತಿದಿನ ಬೆಳಿಗ್ಗೆ ಬಚ್ಚಲಮನೆಯ ಕದವನ್ನು ಹಾಕಿಕೊಂಡು, ಕನ್ನಡಿಯ ಮುಂದೆ ಕೆಳರೆಪ್ಪೆಯನ್ನು ಎಳೆದು ಕಣ್ಣಿನ ಬಿಳುಪನ್ನು ಪರೀಕ್ಷಿಸುವುದು ನಮ್ಮ ಗುಪ್ತ ನಿತ್ಯಕರ್ಮವಾಯಿತು. ಅಲ್ಲಿಯ ದೀಪವೋ ಹಳದಿ. ಒಂದು ವಾರ ಪ್ರಾಣವೇ ಹೋದಂತಾಗಿದ್ದು, ಕಡೆಗೆ ಬಲ್ಬನ್ನೇ ಬದಲಾಯಿಸಿದೆವು. ಆ ದಿನಗಳಲ್ಲಿ ಮನೆಯಾಕೆಯೂ ಜಗಲಿಗೆ ತಂದುಕೊಡುತ್ತಿದ್ದ ಕಾಫಿಯನ್ನು ಬಿಟ್ಟು, ಪೂರ್ವದ ಕಿಟಕಿಯ ಬಳಿ ನಮ್ಮನ್ನು ಕರೆದು ಕೊಡತೊಡಗಿದಳು. ಎಳೆಬಿಸಿಲು ಮೈಗೆ ಒಳ್ಳೆಯದೆಂದಳು. ಹೌದೆಂದುಕೊಂಡೆವು.

ಭಯವು ಮೊದಲು ಹಿಡಿದದ್ದು ಊಟವನ್ನು. ಜಿಡ್ಡೇ ಶತ್ರುವೆಂದು ಗೊತ್ತಾದಮೇಲೆ ತುಪ್ಪ, ಎಣ್ಣೆ, ಕಾಯಿ, ಕೆನೆ ಎಲ್ಲವನ್ನೂ ಬಹಿಷ್ಕರಿಸಿದೆವು. ಒಗ್ಗರಣೆಯ ಸದ್ದು ಕೇಳಿದರೂ ಎದೆ ಹೊಡೆದುಕೊಳ್ಳುವುದು. ಮತ್ತೆ ಹೊಟ್ಟೆಗೇನು? ಅನ್ನದ ಗಂಜಿ, ಬಾಳೆಯಹಣ್ಣು, ಬೆಲ್ಲ ಹಾಕಿದ ರಾಗಿಯಂಬಲಿ. ನಮಗೆ ಎಂಟು ವರ್ಷಗಳಿಂದ ಮಧುಮೇಹವುಂಟೆಂಬುದನ್ನು ಈ ಸಂಭ್ರಮದಲ್ಲಿ ಮರೆತೇಬಿಟ್ಟೆವು. ಆಗಸ್ಟ್ 4ಕ್ಕೆ ಶಸ್ತ್ರಚಿಕಿತ್ಸೆಯೆಂದು ಹಿಂದಿನ ದಿನ ಸೇರಿಕೊಂಡರೆ, ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ 238! ಮೂರು ತಿಂಗಳ ಸರಾಸರಿಯನ್ನು ತೋರುವ ಪರೀಕ್ಷೆಯಲ್ಲಿ 9.4. ಇಷ್ಟು ಸಕ್ಕರೆಯಿರುವಾಗ ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಮಾಡಿದರೆ ಗಾಯ ಕೀವಾಗುವ ಸಂಭವ ಹೆಚ್ಚೆಂದು ಹೇಳಿ, ಔಷಧವನ್ನು ಬದಲಾಯಿಸಿ, ಸೆಪ್ಟೆಂಬರ್ 12ಕ್ಕೆ ಬರಹೇಳಿ ಮನೆಗೆ ಕಳುಹಿಸಿದರು. ಒಂದು ಬಾಗಿಲಿಗೆ ಅಗುಳಿ ಹಾಕಿ ಇನ್ನೊಂದನ್ನು ತೆರೆದಿಟ್ಟು ಮಲಗಿದ ಗೃಹಸ್ಥನ ಬುದ್ಧಿವಂತಿಕೆ ನಮ್ಮದು.

ಆಸ್ಪತ್ರೆಯ ಆ ಒಂದು ರಾತ್ರಿಯ ವಿಚಾರವಾಗಿ ಎರಡು ಮಾತು. ಅರಿವಳಿಕೆಯ ವೈದ್ಯರು ಬಂದು ಬಾಯಿಯನ್ನು ಅಗಲವಾಗಿ ತೆರೆಯಹೇಳಿ, ಯಾವ ಹಲ್ಲು ಅಲುಗಾಡುತ್ತದೆ, ಕತ್ತು ಎಷ್ಟು ಬಾಗುತ್ತದೆ, ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತದೆಯೆ ಎಂದೆಲ್ಲ ವಿಚಾರಿಸಿದರು. ಅಷ್ಟು ವರ್ಷ ಹುಡುಗರ ಬಾಯಿಯನ್ನು ಮುಚ್ಚಿಸಿದ ನಾವು ಬಾಯಿ ತೆರೆದು ಕುಳಿತೆವು. ಅನಂತರ ಒಪ್ಪಿಗೆಯ ಪತ್ರವನ್ನು ತಂದರು. ಪಿತ್ತನಾಳಕ್ಕೆ ಪೆಟ್ಟಾಗಬಹುದು, ರಕ್ತಸ್ರಾವವಾಗಬಹುದು, ಸಣ್ಣ ರಂಧ್ರಗಳ ಮೂಲಕ ಆಗದಿದ್ದರೆ ಹೊಟ್ಟೆಯನ್ನು ಕೊಯ್ಯಬೇಕಾಗಬಹುದು ಎಂದು ಅದರಲ್ಲಿ ಮುದ್ರಿತವಾಗಿತ್ತು. ಕನ್ನಡದಲ್ಲಿ ಏಳು ಕಾಗುಣಿತದ ತಪ್ಪುಗಳಿದ್ದುವು. ಅಭ್ಯಾಸಬಲದಿಂದ ತಿದ್ದುತ್ತ ಹೋದೆವು. ರುಜು ಎಲ್ಲಿಯೆಂದು ದಾದಿ ಕೇಳಿದಾಗ ಕೈ ಏಕೋ ನಡುಗಿತು. ಅಕ್ಷರ ನಮ್ಮದೆಂದು ನಮಗೇ ಗುರುತು ಸಿಕ್ಕಲಿಲ್ಲ.

ಆಗ ನೆನಪಾದುದು ಸುಶ್ರುತಸಂಹಿತೆ. ಕಲ್ಲೆಂದು ತಿಳಿದ ವಾರವೇ, ನಮ್ಮ ಪೂರ್ವಿಕರು ಏನು ಹೇಳಿದ್ದಾರೆಂದು ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯವನ್ನು ತೆರೆದಿದ್ದೆವು. ಅಶ್ಮರಿಯೆಂಬ ಹೆಸರನ್ನು ಕಂಡು ಹಿಗ್ಗಿ ಓದಿದರೆ, ಅದು ಮೂತ್ರಾಶಯದ ಕಲ್ಲು! ಅಲ್ಲಿ ‘ಪಿತ್ತ’ದ ಅಶ್ಮರಿಯೂ ಒಂದಿದೆ, ಅದೂ ಪಿತ್ತದೋಷದಿಂದ ಮೂತ್ರಾಶಯದಲ್ಲಿ ಆದದ್ದೇ ಹೊರತು ನಮ್ಮದಲ್ಲ. ಹೆಸರಿನ ಸಾಮ್ಯದಿಂದ ಮೋಸಹೋಗಿ ಒಂದರ ಔಷಧವನ್ನು ಇನ್ನೊಂದಕ್ಕೆ ಕುಡಿಯುವವರಿದ್ದಾರೆ, ಎಚ್ಚರವಿರಲಿ. ಆದರೆ ಅದೇ ಅಧ್ಯಾಯದಲ್ಲಿ, ಶಸ್ತ್ರವನ್ನು ಕಟ್ಟಕಡೆಯ ಉಪಾಯವಾಗಿ ಮಾತ್ರ ಹಿಡಿಯಬೇಕೆಂದೂ, ಹಿಡಿಯುವ ಮುನ್ನ ಪ್ರಭುವಿನ ಅನುಮತಿಯನ್ನು ಪಡೆಯಬೇಕೆಂದೂ ಆಚಾರ್ಯನು ವಿಧಿಸಿದ್ದಾನೆ. ಮಾಡದಿದ್ದರೆ ಸಾವು ಖಂಡಿತ, ಮಾಡಿದರೆ ಫಲ ಸಂದಿಗ್ಧ ಎಂಬ ಇಕ್ಕಟ್ಟು ಅವನಿಗೂ ಇದ್ದಿತು. ಅಂದು ರಾಜನು ಹಾಕಬೇಕಾಗಿದ್ದ ರುಜುವನ್ನು ಇಂದು ರೋಗಿಯೇ ಹಾಕುತ್ತಾನೆ. ಇದನ್ನು ದಾದಿಗೆ ಹೇಳಹೊರಟೆವು. ಆಕೆಗೆ ಬೇರೆ ಕೆಲಸವಿತ್ತು.

ಪಿತ್ತಕೋಶವನ್ನೇ ತೆಗೆದುಹಾಕಬಹುದೆಂದು ಮೊದಲು ತೋರಿಸಿಕೊಟ್ಟವನು ಬರ್ಲಿನ್ ನಗರದ ಕಾರ್ಲ್ ಲಾಂಗನ್‌ಬುಖ್. 1882ನೆಯ ಇಸವಿ ಜುಲೈ 15ರಂದು. ರೋಗಿಯು ಹದಿನಾರು ವರ್ಷ ಈ ಶೂಲೆಯನ್ನು ಅನುಭವಿಸಿದ ನಾಲ್ವತ್ತಮೂರರ ಗೃಹಸ್ಥ. ಮರುದಿನವೇ ಚುಟ್ಟಾ ಸೇದುತ್ತಿದ್ದನಂತೆ. ಸಣ್ಣ ರಂಧ್ರಗಳ ಮೂಲಕ ದರ್ಶಕನಳಿಗೆಯನ್ನು ಹೊಗಿಸಿ ಮಾಡುವ ಲ್ಯಾಪರೊಸ್ಕೋಪಿಯ ಕ್ರಮವನ್ನು ಜರ್ಮನಿಯವನೇ ಆದ ಎರಿಕ್ ಮ್ಯೂಹೆ ಎಂಬಾತನು ಮೊದಲು ನಡೆಸಿದ್ದು 1985ನೆಯ ಇಸವಿ ಸೆಪ್ಟೆಂಬರ್ 12ರಂದು. ನಮಗೆ ಗೊತ್ತಾಗಿರುವುದೂ ಅದೇ ತಾರೀಖು, ಸರಿಯಾಗಿ ನಾಲ್ವತ್ತು ವರ್ಷಕ್ಕೆ. ನಮ್ಮ ದೇಶದಲ್ಲಿ ಅದನ್ನು 1990ರಲ್ಲಿ ಮುಂಬಯಿಯ ಡಾ. ತೆಹಮ್ಟನ್ ಉದ್ವಾಡಿಯಾ ಅವರು ಆರಂಭಿಸಿದರು. ಇಸವಿಗಳನ್ನು ಕಂಡರೆ ಕಳೆಯುವುದು ಮೇಷ್ಟ್ರುಗಳ ಚಟ. 1979ರಿಂದ 1882ನ್ನು ಕಳೆದೆವು. ತೊಂಬತ್ತೇಳು. ನಮ್ಮ ತೀರ್ಥರೂಪರು ಕಂಬವನ್ನು ಹಿಡಿದು ಕುಳಿತ ದಿನಕ್ಕೆ ತೊಂಬತ್ತೇಳು ವರ್ಷ ಮೊದಲೇ ಉಪಾಯವಿದ್ದಿತು. ಆ ಲೆಕ್ಕವನ್ನು ಮಾಡದಿದ್ದರೆ ಚೆನ್ನಾಗಿತ್ತು.

ದಿನ ಮುಂದಕ್ಕೆ ಹೋಯಿತೆಂದು ತಿಳಿದಾಗ ನಮಗೇನೆನ್ನಿಸಿತು? ನಿಜವನ್ನು ಬರೆಯುವುದೇ ಸರಿ: ಸಂತೋಷವಾಯಿತು. ಇನ್‌ಸ್ಪೆಕ್ಟರು ಬರಲಿಲ್ಲವೆಂದು ತಿಳಿದ ಶಾಲೆಯಂತಾಯಿತು ಮನಸ್ಸು. ಬಸ್ಸಿನ ನಿಲ್ದಾಣದಲ್ಲಿ ಎರಡು ಮೊಳ ಮಲ್ಲಿಗೆಯನ್ನು ಕೊಂಡು ಮನೆಯಾಕೆಗೆ ಕೊಟ್ಟೆವು. ಅವಳು ಅದನ್ನು ಮುಡಿಯದೆ ಮಡಿಲಲ್ಲಿ ಇಟ್ಟುಕೊಂಡು ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ರಾತ್ರಿ ಮಲಗಿದಮೇಲೆ ಮೂವತ್ತೊಂಬತ್ತು ದಿನಗಳು ಒಂದೊಂದಾಗಿ ಎದ್ದುನಿಂತುವು. ನಾಡಿಯನ್ನು ಎಣಿಸುವುದು, ಎಣಿಸಿದಷ್ಟೂ ಅದು ಓಡುವುದು, ಹೊಟ್ಟೆ ಬಿಗಿಯುವುದು, ಬಿಗಿತವನ್ನು ನೋವೆಂದು ತಿಳಿದು ಎದ್ದು ಕೂರುವುದು.

ನೋವು ಬಂದ ಹೊತ್ತು, ತಿಂದ ಪದಾರ್ಥ, ಇದ್ದ ಅವಧಿ ಇವನ್ನು ಬರೆದಿಡಿರೆಂದು ವೈದ್ಯೆ ಜೂನ್ ತಿಂಗಳಲ್ಲಿಯೇ ಹೇಳಿದ್ದರು. ಹಾಜರಿ ಪುಸ್ತಕದಂತೆ ಗೆರೆ ಹಾಕಿ ಬರೆಯುತ್ತಿದ್ದೆವು. ಆಗಸ್ಟ್ 4ರಂದು ಅದನ್ನು ನೋಡಿದ ಅವರು, ಇಪ್ಪತ್ತೇಳು ದಾಖಲೆಗಳ ಮೇಲೆ ಬೆರಳಾಡಿಸಿ, “ಮೇಷ್ಟ್ರೇ, ಇದರಲ್ಲಿ ಕಲ್ಲಿನದು ನಾಲ್ಕೇ. ಉಳಿದ ಇಪ್ಪತ್ತಮೂರಕ್ಕೆ ನನ್ನ ಹತ್ತಿರ ಕತ್ತರಿಯಿಲ್ಲ” ಎಂದರು. ಹತ್ತು ನಿಮಿಷಕ್ಕೆ ಹೋಗುವ, ನಡೆದಾಡಿದರೆ ಹೋಗುವ, ಯಾರಾದರೂ ಮಾತನಾಡಿಸಿದರೆ ಹೋಗುವ ನೋವು ಪಿತ್ತಕೋಶದ್ದಲ್ಲವಂತೆ. ಅಂದಿನಿಂದ ನೋವಿಗೆ ‘ನೋ’ ಎಂದೂ ಭಯಕ್ಕೆ ‘ಭ’ ಎಂದೂ ಗುರುತು ಹಾಕತೊಡಗಿದೆವು. ‘ಭ’ಕಾರದ ಹಾಜರಿ ಬಹು ಚೆನ್ನಾಗಿದೆ.

ಇಂಥ ಹೊತ್ತಿನಲ್ಲಿ ಹಿತೈಷಿಗಳಿಗೆ ಬರವಿಲ್ಲ. ಆಷಾಢದಲ್ಲಿ ಶಸ್ತ್ರ ಬೇಡವೆಂದವರು, ಸೆಪ್ಟೆಂಬರ್ 12 ಪಕ್ಷಮಾಸದಲ್ಲಿ ಬರುವುದರಿಂದ ನವರಾತ್ರಿಗೆ ಹಾಕಿಕೊಳ್ಳಿರೆಂದರು. ಪಂಚಾಂಗದಲ್ಲಿ ನಮಗೆ ಶ್ರದ್ಧೆಯುಂಟು. ಕಲ್ಲಿಗೆ ಇದ್ದಂತೆ ತೋರುವುದಿಲ್ಲ. ನೆರೆಮನೆಯ ನಿವೃತ್ತ ಪೋಸ್ಟ್‌ಮಾಸ್ಟರರು ಮೊಬೈಲಿನಲ್ಲಿ ಬಂದ ಒಂದು ಸಂದೇಶವನ್ನು ತೋರಿಸಿದರು: ಸೇಬಿನ ರಸವನ್ನು ಐದು ದಿನ ಕುಡಿದು, ಆರನೆಯ ರಾತ್ರಿ ಆಲಿವ್ ಎಣ್ಣೆಯನ್ನೂ ನಿಂಬೆಯ ರಸವನ್ನೂ ಬೆರೆಸಿ ಕುಡಿದರೆ ಬೆಳಿಗ್ಗೆ ಕಲ್ಲುಗಳು ಹಸುರಾಗಿ ಬೀಳುತ್ತವಂತೆ. ನಾವು, ವಾಚಕರೇ, ಆ ಎಣ್ಣೆಯ ಸೀಸೆಯನ್ನು ಕೊಂಡೆವು. ಅಮರಕೋಶದ ಹಿಂದೆ ಬಚ್ಚಿಟ್ಟೆವು. ಕುಡಿಯುವ ಮುನ್ನ ವೈದ್ಯೆಗೆ ಫೋನು ಮಾಡುವಷ್ಟು ಬುದ್ಧಿಯನ್ನು ಭಗವಂತ ಉಳಿಸಿದ್ದ. ಬೀಳುವ ಹಸುರು ಉಂಡೆಗಳು ಕಲ್ಲಲ್ಲ, ಎಣ್ಣೆಯೂ ರಸವೂ ಹೊಟ್ಟೆಯಲ್ಲಿ ಕೂಡಿ ಆದ ಸಾಬೂನು; ಅಷ್ಟು ಎಣ್ಣೆಯನ್ನು ಒಮ್ಮೆಗೇ ಕುಡಿದರೆ ಕೋಶ ಬಲವಾಗಿ ಮುದುಡಿ ಕಲ್ಲು ನಾಳಕ್ಕೆ ಇಳಿದೀತು, ಎಂದರು. ಸೀಸೆ ಮನೆಯಾಕೆಗೆ ಸಿಕ್ಕಿತು. ಏನೊಂದೂ ಕೇಳದೆ ದೇವರ ದೀಪಕ್ಕೆ ಹಾಕಿ ಮುಗಿಸಿದಳು.

ಆಗಸ್ಟ್ ಎರಡನೆಯ ವಾರದಲ್ಲಿ, ಶ್ರಾವಣ ಬಹುಳ ತದಿಗೆಯಂದು, ತೀರ್ಥರೂಪರ ಶ್ರಾದ್ಧ. ಮಾಡಿದವನು ಪಿತೃಶೇಷವನ್ನು ಉಣ್ಣಬೇಕಾದುದು ವಿಧಿ. ಎಲೆಯ ಮೇಲೆ ವಡೆ, ಪಾಯಸ, ತುಪ್ಪ. ಉಂಡರೆ ಕಲ್ಲು, ಬಿಟ್ಟರೆ ತಂದೆ. ಹಿಂದಿನ ರಾತ್ರಿಯೆಲ್ಲ ಇದೇ ಚಿಂತೆ, ಪುಸ್ತಕದಲ್ಲಿ ‘ಭ’. ನಮ್ಮ ಪುರೋಹಿತರು ಎಂಬತ್ತು ದಾಟಿದವರು, ನಮ್ಮ ತಂದೆಯವರನ್ನು ಕಂಡಿದ್ದವರು. ಏಕಾದಶಿಯ ದಿನ ಶ್ರಾದ್ಧ ಬಿದ್ದರೆ ಶೇಷವನ್ನು ಆಘ್ರಾಣಿಸುವ ಪದ್ಧತಿಯುಂಟಷ್ಟೆ, ಸಂಸ್ಕೃತದ ಮೇಷ್ಟ್ರಿಗೆ ಇದನ್ನು ನಾನು ಹೇಳಿಕೊಡಬೇಕೆ, ಅನ್ನಕ್ಕೆ ತೊವ್ವೆಯನ್ನು ಕಲಸಿ ನಾಲ್ಕು ತುತ್ತು ಉಂಡು ಉಳಿದುದನ್ನು ಮೂಸಿ ಎದ್ದುಬಿಡಪ್ಪ ಎಂದರು. ವಡೆಯನ್ನು ಕೈಗೆತ್ತಿಕೊಂಡು ಮೂಗಿನ ಬಳಿಗೆ ತಂದೆವು. ಅವರಿಗೆ ವಡೆಯೆಂದರೆ ಬಹಳ ಇಷ್ಟ; ಶೂಲೆ ಬಂದ ರಾತ್ರಿಗಳೆಲ್ಲ ಬಹುಶಃ ವಡೆಯ ರಾತ್ರಿಗಳೇ. ಅಷ್ಟೇ, ಕಣ್ಣಿನಲ್ಲಿ ನೀರು ನಿಲ್ಲಲಿಲ್ಲ. ಎಡಗೈಯಿಂದ ಒರೆಸಿಕೊಳ್ಳುತ್ತ, ಬಡಿಸಲು ನಿಂತಿದ್ದ ಮನೆಯಾಕೆಗೆ, “ಅಪ್ಪನವರದೂ ಇದೇ ಇತ್ತೆಂದು ಕಾಣುತ್ತದೆ ಕಣೇ. ಹೆದರಿ ಹೋಗಲಿಲ್ಲ ಅವರು” ಎಂದೆವು.

“ನನಗೆ ಗೊತ್ತು. ಅತ್ತೆಯವರು ಹೇಳಿದ್ದರು, ಕಾರು ಬಂದು ನಿಂತದ್ದು, ಕಂಬ ಹಿಡಿದದ್ದು, ಎಲ್ಲ” ಎಂದಳು. ಬಳಿಕ ಸ್ವಲ್ಪ ತಡೆದು, “ಕಾಫಿಯನ್ನು ಕಿಟಕಿಯ ಹತ್ತಿರವೇ ಏಕೆ ಕೊಡುತ್ತೇನೆಂದುಕೊಂಡಿರಿ? ಅಲ್ಲಿ ಬೆಳಕು ಚೆನ್ನಾಗಿದೆ. ಕಣ್ಣು ಕಾಣುತ್ತದೆ” ಎಂದಳು.

ಎರಡು ತಿಂಗಳು! ನಾವು ಬಚ್ಚಲಮನೆಯಲ್ಲಿ ಕದ ಹಾಕಿಕೊಂಡು, ಅವಳು ಕಿಟಕಿಯ ಬಳಿ ಲೋಟವನ್ನು ಹಿಡಿದುಕೊಂಡು, ನೋಡುತ್ತಿದ್ದುದು ಒಂದೇ ಜೊತೆ ಕಣ್ಣನ್ನು. ಆ ಸಂಜೆ ಮಗಳಿಗೂ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆವು. ಅತ್ತಳು, ಬೈದಳು, ಅಳಿಯಂದಿರು 11ರಂದೇ ಬಂದು ಜೊತೆಗಿರುತ್ತಾರೆಂದು ತೀರ್ಮಾನಿಸಿದಳು.

ಭಯ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ; ಮೊನ್ನೆ ರಾತ್ರಿಯೂ ಒಂದು ‘ಭ’ ಇದೆ. ಆಗ ಅವಳನ್ನೇ ಎಬ್ಬಿಸುತ್ತೇವೆ. ದೀಪ ಹಾಕಿ ಹತ್ತು ನಿಮಿಷ ಅದೂ ಇದೂ ಮಾತನಾಡುತ್ತಾಳೆ. ಮಾತನಾಡಿಸಿದರೆ ಹೋಗುವಂಥದಾದರೆ ಹೋಗುತ್ತದೆ. ಗಂಜಿ, ಬೆಲ್ಲಗಳು ನಿಂತಿವೆ. ಸೊಪ್ಪು, ಹೆಸರುಬೇಳೆ, ಲೆಕ್ಕದ ಒಂದು ಮುದ್ದೆ. ಸಂಜೆ ಕೆರೆಯ ಏರಿಯ ಮೇಲೆ ನಡಿಗೆ. ಕಳೆದ ವಾರದ ಖಾಲಿಹೊಟ್ಟೆಯ ಸಕ್ಕರೆ 132. ಆಸ್ಪತ್ರೆಯ ಚೀಲ ಈಗಾಗಲೇ ಸಿದ್ಧವಾಗಿದೆ: ಎರಡು ಪಂಚೆ, ಸ್ಟೀಲಿನ ಲೋಟ, ಸ್ಕ್ಯಾನಿಂಗಿನ ಚಿತ್ರಗಳು, ಆಧಾರ್ ಚೀಟಿ, ಅಮರಕೋಶ. ಕಡೆಯದನ್ನು ಹಾಕಿದವಳು ಅವಳು.

ಅಡಿಗೆಮನೆಯಲ್ಲಿ ಕರಿಗಡುಬು ಬೇಯುತ್ತಿದೆ, ಗಣಪನಿಗೆ. ನಮಗೆಂದು ಬೇರೆಯಾಗಿ ಹಬೆಯಲ್ಲಿ ಬೇಯಿಸಿದ ಕಡುಬು ಒಂದೇ ಒಂದು, ಹೂರಣ ಅರ್ಧಕ್ಕರ್ಧ. ಕಿಟಕಿಯ ಪರೀಕ್ಷೆ ಈಗ ಬಹಿರಂಗವಾಗಿಯೇ ನಡೆಯುತ್ತದೆ. ಅವಳು ಗದ್ದವನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, “ಬಿಳಿ” ಎನ್ನುತ್ತಾಳೆ. ನಾವು ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಈ ದಿನದ್ದನ್ನು ಇನ್ನೂ ಬರೆದಿಲ್ಲ. ಮೋಡ ಮುಸುಕಿದೆ, ಬೆಳಕು ಸಾಲದು, ಪೂಜೆಯಾದಮೇಲೆ ನೋಡುತ್ತೇನೆ ಎಂದಿದ್ದಳು. ಈಗ ಬಿಸಿಲು ಬಂದಿದೆ. ಕರೆಯುತ್ತಿದ್ದಾಳೆ, ಏಳಬೇಕು.